ದುಡಿಮೆ ನಿಂತ ಮರುದಿನ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ನಿವೃತ್ತಿ ಜೀವನದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದಾಗ ನಾನು ಮೊದಲು ಹಿಂಜರಿದೆ. ಈ ಸಭಾಂಗಣದಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತರ ಒಳಗಿನವರು. ಪಿಯುಸಿ ಫಲಿತಾಂಶಕ್ಕೆ ಕಾಯುತ್ತಿರುವ ಹುಡುಗನ ಮುಂದೆ ಅರುವತ್ತನೇ ವಯಸ್ಸಿನ ಮಾತು ತೆಗೆದರೆ ಅವನು ಗಡಿಯಾರ ನೋಡುತ್ತಾನೆ. ಆದರೂ ಒಪ್ಪಿಕೊಂಡೆ. ಇಪ್ಪತ್ತನೇ ವಯಸ್ಸಿನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಲ್ವತ್ತಮೂರರಲ್ಲಿ ನಾನೇ ಕಂಡುಕೊಂಡೆ, ಅದೂ ಇನ್ನೊಬ್ಬರ ಲೆಕ್ಕ ಬರೆಯುತ್ತಾ.

ನಮ್ಮ ಮನೆಯ ವಿಷಯದಿಂದಲೇ ಆರಂಭಿಸುತ್ತೇನೆ. ನನ್ನ ಅಕ್ಕ ಐದನೇ ತರಗತಿಗೆ ಶಾಲೆ ಬಿಟ್ಟವರು. ಮಡಿಲ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದರು. ಸಂಜೆ ಬ್ರಾಂಚಿಗೆ ಹೋಗಿ ಕಟ್ಟು ಕೊಟ್ಟು, ಎಲೆ ಹೊಗೆಸೊಪ್ಪು ತರುವುದು, ಮರುದಿನ ಮತ್ತೆ ಅದೇ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಕಥೆ ಇದು, ನಿಮಗೆ ವಿವರಿಸಬೇಕಾಗಿಲ್ಲ. ನನ್ನ ಶಾಲೆಯ ಶುಲ್ಕ ಬಂದದ್ದು ಆ ಬೀಡಿಯಿಂದ. ನಾನು ಬಿ.ಕಾಂ. ಮುಗಿಸಿ 1986ರಲ್ಲಿ ಶಾರ್ಜಾಕ್ಕೆ ಹೋದೆ. ಕಟ್ಟಡ ಗುತ್ತಿಗೆ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದೆ. ಅಕ್ಕ ಒಂದು ವರ್ಷದಲ್ಲಿ ಗಳಿಸುತ್ತಿದ್ದುದನ್ನು ನಾನು ಒಂದು ತಿಂಗಳಲ್ಲಿ ಗಳಿಸುತ್ತಿದ್ದೆ.

ಇಂದು ಅಕ್ಕನಿಗೆ ಪಿಂಚಣಿ ಇದೆ, ನನಗೆ ಇಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಕಾರ್ಮಿಕರೇ, ಭವಿಷ್ಯನಿಧಿ ಕಾಯಿದೆ ಅವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ಕೊಟ್ಟಿತ್ತು. 1995ರಲ್ಲಿ ಅದಕ್ಕೆ ಪಿಂಚಣಿ ಯೋಜನೆಯೂ ಸೇರಿತು. ಕನಿಷ್ಠ ಹತ್ತು ವರ್ಷ ಸೇವೆ ಇದ್ದವರಿಗೆ 58ನೇ ವಯಸ್ಸಿನಿಂದ ಪಿಂಚಣಿ. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಕ್ಕನಿಗೆ ಬರುವುದು ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೊಡ್ಡ ಮೊತ್ತವಲ್ಲ, ಮದ್ದಿಗೂ ಸಾಲದು ಎನ್ನುವ ತಿಂಗಳುಗಳಿವೆ. ಆದರೆ ಅದು ಅವರದೇ ಹಣ. ಪೆರ್ನಾಳಿಗೆ ಮೊಮ್ಮಕ್ಕಳ ಕೈಗೆ ನೋಟು ಇಡುವಾಗ ಅವರು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಾನು ಅದನ್ನು ನೋಡಿ ಒಮ್ಮೊಮ್ಮೆ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಕೊಲ್ಲಿಗೆ ಹೋದವನಿಗೆ ಪಿಂಚಣಿ ಯಾಕಿಲ್ಲ? ಅಲ್ಲಿನ ಪಿಂಚಣಿ ಅಲ್ಲಿನ ಪ್ರಜೆಗಳಿಗೆ. ನಮ್ಮಂಥವರಿಗೆ ಸಿಗುವುದು ಸೇವೆ ಮುಗಿದಾಗ ಒಮ್ಮೆ ಕೊಡುವ ಗ್ರ್ಯಾಚುಯಿಟಿ. ಯುಎಇಯಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ನಂತರದ ವರ್ಷಗಳಿಗೆ 30 ದಿನಗಳ ವೇತನ, ಒಟ್ಟು ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ಇಲ್ಲಿ ವೇತನವೆಂದರೆ ಮೂಲ ವೇತನ ಮಾತ್ರ. ವಸತಿ, ಸಾರಿಗೆ, ಓವರ್‌ಟೈಮ್ ಯಾವುದೂ ಸೇರುವುದಿಲ್ಲ. ಕೆಲಸಕ್ಕೆ ಸೇರುವ ದಿನ ಒಟ್ಟು ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದರಲ್ಲಿ ಮೂಲ ವೇತನ ಎಷ್ಟು ಎಂದು ಕೇಳಿದವರನ್ನು ನಾನು ಮೂವತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು ಕಂಡೆ. ವಿದ್ಯಾರ್ಥಿಗಳೇ, ನಾಳೆ ನೀವು ಅಲ್ಲಿಗೆ ಹೋಗುವುದಾದರೆ ಕರಾರುಪತ್ರದಲ್ಲಿ ಆ ಸಾಲನ್ನು ಹುಡುಕಿ ಓದಿ. ಇನ್ನೊಂದು ಮಾತು. ಕಂಪೆನಿ ಬದಲಿಸಿದಾಗಲೆಲ್ಲ ಲೆಕ್ಕ ಮತ್ತೆ 21 ದಿನದಿಂದ ಶುರುವಾಗುತ್ತದೆ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ವೇತನ, ಆಮೇಲೆ ಒಂದು ತಿಂಗಳದ್ದು. ಆದರೆ ಹತ್ತು ವರ್ಷ ತುಂಬುವ ಮೊದಲು ತಾನಾಗಿ ರಾಜೀನಾಮೆ ಕೊಟ್ಟವನಿಗೆ ಪೂರ್ತಿ ಸಿಗುವುದಿಲ್ಲ.

ಈ ಹಾಳೆಗಳನ್ನು ತಯಾರಿಸುವುದೇ ನನ್ನ ಕೆಲಸವಾಗಿತ್ತು. 2005ರಲ್ಲಿ ನಮ್ಮೂರ ಕಡೆಯ ಒಬ್ಬ ಫೋರ್‌ಮನ್ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದರು. ವಯಸ್ಸು ಐವತ್ತೆರಡು, ಸೇವೆ 22 ವರ್ಷ. ಕೈಗೆ ಬರುತ್ತಿದ್ದದ್ದು 2,600 ದಿರ್ಹಮ್, ಅದರಲ್ಲಿ ಮೂಲ ವೇತನ 1,500. ಮೊದಲ ಐದು ವರ್ಷಕ್ಕೆ 5,250, ಉಳಿದ ಹದಿನೇಳಕ್ಕೆ 25,500, ಒಟ್ಟು 30,750 ದಿರ್ಹಮ್. ಆಗಿನ ದರದಲ್ಲಿ ಸುಮಾರು 3 ಲಕ್ಷ 70 ಸಾವಿರ ರೂಪಾಯಿ. ಅವರು ಹಾಳೆಯನ್ನು ಎರಡು ಸಲ ನೋಡಿ, "ಇಷ್ಟೇಯಾ?" ಎಂದು ಕೇಳಿದರು. ತಪ್ಪು ಲೆಕ್ಕ ಹಾಕಿದೆನೋ ಎಂದು ನಾನು ಮತ್ತೊಮ್ಮೆ ಕೂಡಿಸಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಊರಿನಲ್ಲಿ ತಿಂಗಳಿಗೆ ಏಳು ಸಾವಿರ ಖರ್ಚಾದರೆ ಆ ಹಣ ನಾಲ್ಕೂವರೆ ವರ್ಷಕ್ಕೆ ಸಾಲದು. ಜೊತೆಗೆ ಒಬ್ಬ ಮಗಳ ಮದುವೆ ಬಾಕಿ ಇತ್ತು.

ಆ ರಾತ್ರಿ ನಾನು ರೂಮಿಗೆ ಹೋಗಿ ನನ್ನದೇ ಹಾಳೆ ಬರೆದೆ. ನನ್ನ ಸಂಬಳ ಅವರಿಗಿಂತ ಹೆಚ್ಚು, ಆದರೆ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹತ್ತೊಂಬತ್ತು ವರ್ಷ ದುಡಿದ ಹಣ ಎಲ್ಲಿ ಹೋಯಿತು? ಅದು ಊರಿನಲ್ಲಿ ನಿಂತಿತ್ತು, ಎರಡು ಮಹಡಿಯಾಗಿ, ಹನ್ನೊಂದು ಕೋಣೆಗಳಾಗಿ.

ಇದನ್ನು ಹೇಳುವಾಗ ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ನನಗೆ ಗೊತ್ತು. ನಿಮ್ಮ ಮನೆಯಲ್ಲೂ ಕೋಣೆಗಳನ್ನು ಎಣಿಸಿದ್ದೀರಿ. ನಾನು ಮನೆ ಕಟ್ಟಬೇಡಿ ಎನ್ನುವವನಲ್ಲ. ಬಾಡಿಗೆ ಮನೆಯಲ್ಲಿ, ಸೋರುವ ಮಾಡಿನ ಕೆಳಗೆ ಬೆಳೆದವನಿಗೆ ಸ್ವಂತ ಸೂರಿನ ಆಸೆ ಸಹಜ. ಆದರೆ ನಾವು ಕಟ್ಟುವುದು ಸೂರಿಗಾಗಿ ಮಾತ್ರವಲ್ಲ. ನಾನು ಮೇಲಿನ ಮಹಡಿ ಕಟ್ಟಿದ್ದು ಪಕ್ಕದ ಮನೆಯವರು ಕಟ್ಟಿದ್ದರಿಂದ. ಇವತ್ತು ಆ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೇವೆ. ಮೂರು ಕೋಣೆಗಳ ಬಾಗಿಲು ತೆರೆಯುತ್ತೇವೆ. ಉಳಿದ ಎಂಟು ಕೋಣೆಗಳಿಗೆ ವರ್ಷ ವರ್ಷ ಸುಣ್ಣಬಣ್ಣ, ಮಳೆಗಾಲದಲ್ಲಿ ಸೋರಿಕೆ, ಪಂಚಾಯತಿಗೆ ತೆರಿಗೆ. ಮನೆ ನನ್ನನ್ನು ಸಾಕುತ್ತಿಲ್ಲ, ನಾನೇ ಅದನ್ನು ಸಾಕುತ್ತಿದ್ದೇನೆ.

ಮದುವೆಯ ಬಗ್ಗೆ ಈ ವೇದಿಕೆಯಲ್ಲಿ ಸಾಕಷ್ಟು ಭಾಷಣಗಳಾಗಿವೆ, ನಾನು ಮತ್ತೆ ಹೇಳುವುದಿಲ್ಲ.

ನಲ್ವತ್ತಮೂರರ ನಂತರ ನಾನು ಮಾಡಿದ್ದು ಒಂದೇ. ಊರಿಗೆ ಹಣ ಕಳುಹಿಸುವ ಮೊದಲು, ಸಂಬಳದ ಹತ್ತರಲ್ಲೊಂದು ಪಾಲನ್ನು ಬೇರೆ ಖಾತೆಗೆ ಹಾಕಿದೆ. ಕಳುಹಿಸಿ ಉಳಿದದ್ದನ್ನು ಕೂಡಿಡುತ್ತೇನೆ ಎಂದು ಹತ್ತೊಂಬತ್ತು ವರ್ಷ ಅಂದುಕೊಂಡಿದ್ದೆ. ಹಾಗೆ ಉಳಿದದ್ದು ಎಂದೂ ಇರಲಿಲ್ಲ. ಮೂರನೇ ಮಹಡಿಯ ಮಾತು ಬಂದಾಗ ಅದನ್ನು ಬಿಟ್ಟು ಪೇಟೆಯಲ್ಲಿ ಎರಡು ಸಣ್ಣ ಅಂಗಡಿ ಕೋಣೆ ಕಟ್ಟಿಸಿದೆ. ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಈಗ ಮನೆ ನಡೆಯುವುದು ಮುಖ್ಯವಾಗಿ ಆ ಎರಡು ಕೋಣೆಗಳ ಬಾಡಿಗೆಯಿಂದ. 2020ರ ಲಾಕ್‌ಡೌನ್‌ನಲ್ಲಿ ಅದೂ ಕೆಲವು ತಿಂಗಳು ಬರಲಿಲ್ಲ. ಬಾಡಿಗೆದಾರನನ್ನು ಕೇಳುವ ಮುಖ ನನಗಿರಲಿಲ್ಲ, ಅವನ ಅಂಗಡಿಯೂ ಮುಚ್ಚಿತ್ತು. ಆಗ ಬೇರೆ ಖಾತೆಯ ಹಣ ಕೈ ಹಿಡಿಯಿತು. ಒಂದೇ ಕಂಬದ ಮೇಲೆ ಮಾಡು ನಿಲ್ಲಿಸಬಾರದೆಂದು ಆಗ ತಿಳಿಯಿತು.

ಇನ್ನು, ಊರಿಗೆ ಮರಳುವ ದಿನವನ್ನು ನಾವೇ ಆರಿಸುತ್ತೇವೆ ಎಂಬ ಭ್ರಮೆ ಬೇಡ. 1990ರಲ್ಲಿ ಕುವೈತಿನ ಮೇಲೆ ಇರಾಕ್ ದಾಳಿ ಮಾಡಿದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ ಬಂದರು. 2013ರಲ್ಲಿ ಸೌದಿಯ ನಿತಾಖತ್ ನಿಯಮ ಬಿಗಿಯಾದಾಗ ಮತ್ತೊಂದು ಅಲೆ. 2020ರಲ್ಲಿ ಕೊರೋನಾ. ಮೂರು ಸಲವೂ ನಮ್ಮ ಕರಾವಳಿಯ ಮನೆಗಳ ಬಾಗಿಲಿಗೆ ಪೆಟ್ಟಿಗೆಗಳು ಬಂದಿಳಿದವು. ಅರುವತ್ತಕ್ಕೆಂದು ಇಟ್ಟ ಯೋಜನೆ ನಲ್ವತ್ತೈದಕ್ಕೇ ಬೇಕಾಗಬಹುದು. ನೆರೆಯ ಕೇರಳದಲ್ಲಿ ಪ್ರವಾಸಿಗಳ ಕಲ್ಯಾಣ ಮಂಡಳಿ ಇದೆ, ವಂತಿಗೆ ಕಟ್ಟಿದವರಿಗೆ ಅದು ಪಿಂಚಣಿ ಕೊಡುತ್ತದೆ. ನಮ್ಮಲ್ಲೂ ಅಂಥದ್ದು ಬೇಕೆಂದು ಸಂಘ ಕೇಳಬೇಕು, ಆದರೆ ಅದು ಬರುವವರೆಗೆ ಕಾಯುತ್ತಾ ಕೂರಬಾರದು.

ಈಗ ವಿದ್ಯಾರ್ಥಿಗಳ ಕಡೆಗೆ ತಿರುಗುತ್ತೇನೆ. ನಿಮ್ಮ ಬಳಿ ನಮ್ಮಲ್ಲಿಲ್ಲದ ಒಂದು ಆಸ್ತಿ ಇದೆ, ಅದು ವರ್ಷಗಳು. ಇಪ್ಪತ್ತೈದನೇ ವಯಸ್ಸಿನಿಂದ ಅರುವತ್ತರವರೆಗೆ ತಿಂಗಳಿಗೆ 2,000 ರೂಪಾಯಿ ತೊಡಗಿಸಿದ್ದೀರಿ, ಅದು ವರ್ಷಕ್ಕೆ ನೂರಕ್ಕೆ ಎಂಟರಂತೆ ಬೆಳೆಯಿತು ಎಂದಿಟ್ಟುಕೊಳ್ಳಿ. ನೀವು ಹಾಕಿದ್ದು 8 ಲಕ್ಷ 40 ಸಾವಿರ, ಕೈಗೆ ಬರುವುದು ಸುಮಾರು 46 ಲಕ್ಷ. ಅದೇ 2,000ವನ್ನು ನಲ್ವತ್ತರಲ್ಲಿ ಆರಂಭಿಸಿದರೆ ಬರುವುದು 12 ಲಕ್ಷಕ್ಕೂ ಕಡಿಮೆ. ಆ 46 ಲಕ್ಷ ಮುಟ್ಟಬೇಕಾದರೆ ನಲ್ವತ್ತರವನು ತಿಂಗಳಿಗೆ ಸುಮಾರು 7,800 ಹಾಕಬೇಕು. ನೂರಕ್ಕೆ ಎಂಟು ಎಂಬುದು ನಾನು ಉದಾಹರಣೆಗೆ ಹಿಡಿದ ಅಂಕಿ, ಯಾರೂ ಬರೆದುಕೊಟ್ಟ ಮಾತಲ್ಲ. ಬೆಳವಣಿಗೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಬೇಗ ಆರಂಭಿಸಿದವನ ಅನುಕೂಲ ಮಾತ್ರ ಬದಲಾಗುವುದಿಲ್ಲ.

46 ಲಕ್ಷ ಎಂದಾಗ ಹಿಂದಿನ ಸಾಲಿನಲ್ಲಿ ಕಣ್ಣುಗಳು ಅರಳಿದವು. ಅದಕ್ಕೂ ಒಂದು ಎಚ್ಚರಿಕೆ ಉಂಟು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಖರ್ಚು ಇಮ್ಮಡಿ, ಇಪ್ಪತ್ತನಾಲ್ಕು ವರ್ಷದಲ್ಲಿ ನಾಲ್ಕು ಪಟ್ಟು. ಇಂದು 15,000ದಲ್ಲಿ ನಡೆಯುವ ಮನೆಗೆ ಆಗ 60,000 ಬೇಕು. ಸಂಬಳ ಏರಿದಂತೆ ತೊಡಗಿಸುವ ಮೊತ್ತವೂ ಏರದಿದ್ದರೆ ದೊಡ್ಡ ಅಂಕಿ ಹೆಸರಿಗೆ ಮಾತ್ರ ದೊಡ್ಡದು. ಅರುವತ್ತು ತಲುಪಿದ ಭಾರತೀಯನ ಮುಂದೆ ಸರಾಸರಿ ಇನ್ನೂ ಹದಿನೆಂಟು ವರ್ಷಗಳಷ್ಟು ಬಾಳು ಇದೆ. ಆ ಹದಿನೆಂಟು ವರ್ಷಗಳಲ್ಲೂ ಬೆಲೆ ಏರುತ್ತಲೇ ಇರುತ್ತದೆ.

ಬಡ್ಡಿಯ ಪ್ರಶ್ನೆ ಬಂದೇ ಬರುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ, ಬ್ಯಾಂಕಿನ ನಿಶ್ಚಿತ ಠೇವಣಿ ಇವುಗಳೆಲ್ಲ ಬಡ್ಡಿಯ ಮೇಲೆ ನಿಂತವು ಎಂದು ನಮ್ಮಲ್ಲಿ ಅನೇಕರು ದೂರವಿರುತ್ತಾರೆ. ಭವಿಷ್ಯನಿಧಿಯ ವಿಷಯದಲ್ಲಿ ಉಲಮಾಗಳಲ್ಲೇ ಭಿನ್ನ ಅಭಿಪ್ರಾಯಗಳಿವೆ. ನಾನು ಲೆಕ್ಕ ಬರೆದವನು, ಫತ್ವಾ ಕೊಡುವವನಲ್ಲ. ನೀವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳಿ. ಆದರೆ "ಬಡ್ಡಿ ಬೇಡ" ಎಂಬುದು "ಉಳಿತಾಯವೇ ಬೇಡ" ಎಂದಾಗಬಾರದು. ಬಾಡಿಗೆ ಇದೆ, ತೋಟವಿದೆ, ಗೊತ್ತಿರುವ ವ್ಯಾಪಾರದಲ್ಲಿ ಪಾಲು ಇದೆ. ಮದ್ಯ, ಜೂಜು, ಬಡ್ಡಿ ವ್ಯವಹಾರದ ಕಂಪೆನಿಗಳನ್ನು ಬಿಟ್ಟು ಷರಿಯಾ ಮಾನದಂಡದಂತೆ ಆರಿಸಿದ ಷೇರುಗಳ ಮ್ಯೂಚುವಲ್ ಫಂಡ್‌ಗಳು ನಮ್ಮ ದೇಶದಲ್ಲಿಯೇ ಸೆಬಿಯ ನಿಯಂತ್ರಣದಡಿ ಇವೆ. ಷೇರಿನ ಬೆಲೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ. 2020ರ ಜನವರಿಯಿಂದ ಮಾರ್ಚ್ ಒಳಗೆ ಮಾರುಕಟ್ಟೆ ಮೂರನೇ ಒಂದಂಶಕ್ಕಿಂತ ಹೆಚ್ಚು ಕುಸಿದಿತ್ತು. ಮುಂದಿನ ನಾಲ್ಕೈದು ವರ್ಷದೊಳಗೆ ಬೇಕಾಗುವ ಹಣವನ್ನು ಅಲ್ಲಿ ಇಡಬಾರದು.

ನಮ್ಮ ಈ ಹಿಂಜರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದುದನ್ನು ನೀವು ಬಲ್ಲಿರಿ. ಬಡ್ಡಿಯಿಲ್ಲದ ಹಲಾಲ್ ಲಾಭ ಎಂಬ ಮಾತಿಗೆ ಒಲಿದು ನಿವೃತ್ತರು, ವಿಧವೆಯರು, ಕೊಲ್ಲಿಯಿಂದ ಮರಳಿದವರು ಹಣ ತೊಡಗಿಸಿದ್ದರು. ಹತ್ತಾರು ಸಾವಿರ ದೂರುಗಳು ದಾಖಲಾದವು. ತಿಂಗಳಿಗೆ ನೂರಕ್ಕೆ ಮೂರರವರೆಗೆ ಲಾಭವೆಂದು ಜನ ನಂಬಿದ್ದರು. ಒಂದು ನಿಮಿಷ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ನೂರಕ್ಕೆ ಮೂರು ಬಂದು ಅದನ್ನು ಅಲ್ಲಿಯೇ ಬಿಟ್ಟರೆ ಎರಡು ವರ್ಷದಲ್ಲಿ ಹಣ ಇಮ್ಮಡಿ, ಹತ್ತು ವರ್ಷದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚು. ಯಾವ ಪ್ರಾಮಾಣಿಕ ವ್ಯಾಪಾರದಲ್ಲಿ ಇದು ಸಾಧ್ಯ? ಪೇಟೆಯಲ್ಲಿ ದಿನವಿಡೀ ಕೂರುವ ಜವಳಿ ವ್ಯಾಪಾರಿಯನ್ನು ಕೇಳಿ, ಅವನು ಉತ್ತರ ಕೊಡುತ್ತಾನೆ. ಹಲಾಲ್ ಎಂಬ ಫಲಕ ನೋಡಿ ಲೆಕ್ಕದ ಪ್ರಶ್ನೆ ಕೇಳುವುದನ್ನು ಬಿಡಬೇಡಿ. ನೋಂದಣಿ ಎಲ್ಲಿ, ಯಾರ ನಿಯಂತ್ರಣದಲ್ಲಿ, ಲಾಭ ಬರುವುದು ಯಾವ ಕೆಲಸದಿಂದ ಎಂದು ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಕೆಲಸ ಬದಲಿಸುವಾಗ ಪಿ.ಎಫ್. ತೆಗೆದು ಬೈಕು, ಮೊಬೈಲು ಕೊಳ್ಳಬೇಡಿ, ಹೊಸ ಕಂಪೆನಿಗೆ ವರ್ಗಾಯಿಸಿಕೊಳ್ಳಿ. ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಹಾಗೆ ಕೂಡುತ್ತಾ ಬರುತ್ತದೆ. ಅಟೋ ಓಡಿಸುವವರು, ದರ್ಜಿಗಳು, ಮೀನು ವ್ಯಾಪಾರಿಗಳು, ಮದ್ರಸಾ ಅಧ್ಯಾಪಕರು ಇವರಿಗೆ ಪಿ.ಎಫ್. ಇಲ್ಲ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯಲ್ಲಿ 18ರಿಂದ 40ರ ಒಳಗಿನವರು, ಆದಾಯ ತೆರಿಗೆ ಕಟ್ಟದವರು ಬ್ಯಾಂಕಿನಲ್ಲೇ ಸೇರಬಹುದು. ಅರುವತ್ತರ ನಂತರ ತಿಂಗಳಿಗೆ 5,000 ಪಿಂಚಣಿ ಬೇಕಾದರೆ ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ ಕಟ್ಟುವುದು 210 ರೂಪಾಯಿ, ಮೂವತ್ತರಲ್ಲಿ ಸೇರಿದವನು 577, ನಲ್ವತ್ತರಲ್ಲಿ ಸೇರಿದವನು 1,454. ಆತ ತೀರಿಕೊಂಡರೆ ಅದೇ ಪಿಂಚಣಿ ಪತ್ನಿಗೆ. ನಲ್ವತ್ತು ವರ್ಷದ ಮೇಲೆ 5,000ಕ್ಕೆ ಏನು ಬೆಲೆ ಇದ್ದೀತು ಎಂದು ನೀವು ಕೇಳಿದರೆ, ಹೆಚ್ಚೇನಿಲ್ಲ. ಆದರೂ ಅಕ್ಕನ ಸಾವಿರ ರೂಪಾಯಿಯನ್ನು ನೋಡಿದ ನಾನು ಅದನ್ನು ಅಲ್ಲಗಳೆಯಲಾರೆ.

ಪತ್ನಿಯ ಮಾತು ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನಿಗಿಂತ ಐದಾರು, ಕೆಲವೊಮ್ಮೆ ಹತ್ತು ವರ್ಷ ಚಿಕ್ಕವಳು. ಅಂದರೆ ಗಂಡನಿಲ್ಲದ ಹತ್ತು ಹದಿನೈದು ವರ್ಷಗಳು ಅವಳ ಪಾಲಿಗೆ ಬರುವ ಸಂಭವವೇ ಹೆಚ್ಚು. ಗಂಡ ಕೊಲ್ಲಿಯಲ್ಲಿದ್ದ ಕಾಲವೆಲ್ಲ ಮಕ್ಕಳನ್ನು ಬೆಳೆಸಿದವಳು, ಅತ್ತೆ ಮಾವನ ಸೇವೆ ಮಾಡಿದವಳು, ಮನೆ ಕಟ್ಟುವಾಗ ಮೇಸ್ತ್ರಿಯೊಡನೆ ಲೆಕ್ಕ ನೋಡಿದವಳು ಅವಳು. ಅವಳ ಹೆಸರಿನಲ್ಲಿ ಏನಿದೆ? ಗಂಡ ತೀರಿಕೊಂಡಾಗ ಮಕ್ಕಳಿದ್ದರೆ ಅವನ ಆಸ್ತಿಯಲ್ಲಿ ಅವಳ ಪಾಲು ಎಂಟನೇ ಒಂದು. ಹನ್ನೊಂದು ಕೋಣೆಯಲ್ಲಿ ಒಂದೂವರೆ ಕೋಣೆಯೂ ಆಗಲಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಎಂದು ಅವಳ ಹೆಸರಿದ್ದರೆ ಸಾಕೆಂದು ತಿಳಿಯಬೇಡಿ. ನಾಮಿನಿಗೆ ಹಣ ಸಿಗುವುದು ವಾರಸುದಾರರ ಪರವಾಗಿ ಮಾತ್ರ. ಅವಳಿಗೆಂದು ಏನಾದರೂ ಮಾಡುವುದಿದ್ದರೆ ಬದುಕಿರುವಾಗಲೇ ಅವಳ ಹೆಸರಿನಲ್ಲಿ ಮಾಡಬೇಕು. ಬಾಕಿ ಇರುವ ಮಹ್ರ್ ಕೊಟ್ಟು ಮುಗಿಸುವುದರಿಂದ ಆರಂಭಿಸಬಹುದು. ಪೇಟೆಯ ಎರಡು ಕೋಣೆಗಳಲ್ಲಿ ಒಂದನ್ನು ನಾನು ನೋಂದಣಿ ಮಾಡಿಸಿದ್ದು ಹೆಂಡತಿಯ ಹೆಸರಿಗೆ. ಮಾತು ಬಿಟ್ಟಿದ್ದವಳು ಅಂದು ಮಾತನಾಡಿದಳು.

"ಮಕ್ಕಳೇ ನಮ್ಮ ಪಿಂಚಣಿ" ಎನ್ನುವವರಿಗೆ ನಾನು ಎದುರು ಹೇಳುವುದಿಲ್ಲ. ನನ್ನ ಮಗ ಒಳ್ಳೆಯವನು, ಕರೆದಾಗ ಬರುತ್ತಾನೆ. ಆದರೆ ಅವನಿಗೂ ಸಂಸಾರವಿದೆ, ಮನೆಸಾಲವಿದೆ, ಎರಡು ಮಕ್ಕಳ ಶಾಲಾ ಶುಲ್ಕವಿದೆ. ನಾನು ತಿಂಗಳ ಖರ್ಚಿಗೆ ಅವನ ಕೈ ನೋಡುತ್ತಿದ್ದರೆ ಅವನ ಮುಪ್ಪಿಗೆ ಅವನು ಕೂಡಿಡುವುದು ಯಾವಾಗ? ಆಸ್ತಿಯನ್ನು ಮಕ್ಕಳಿಗೆ ಬರೆದುಕೊಡುವ ಹಿರಿಯರು ಮಾತ್ರ ಇಷ್ಟು ತಿಳಿದಿರಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಪ್ರೀತಿಯ ನಡುವೆ ಷರತ್ತು ಯಾಕೆ ಎಂದು ಸಂಕೋಚಪಟ್ಟು ಪತ್ರದಲ್ಲಿ ಬರೆಸದೇ ಬಿಟ್ಟವರಿಗೆ ಆಮೇಲೆ ಕಷ್ಟವಾಗುತ್ತದೆ. ಆ ಒಂದು ವಾಕ್ಯ ಬರೆಯಿಸಿ.

ಆರೋಗ್ಯ ವಿಮೆಯ ಒಂದು ಸಂಗತಿ ಬಿಟ್ಟುಹೋಗುತ್ತಿತ್ತು. ಕೊಲ್ಲಿಯಲ್ಲಿ ಕಂಪೆನಿಯ ಕಾರ್ಡ್ ಇರುತ್ತದೆ, ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಇಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ಮರಳುವ ಮೂರು ವರ್ಷ ಮೊದಲೇ ಊರಿನಲ್ಲಿ ಪಾಲಿಸಿ ಆರಂಭಿಸಿರಬೇಕು. ನಾನು ಹಾಗೆ ಮಾಡಲಿಲ್ಲ. ಮರಳಿದ ಎರಡನೇ ವರ್ಷವೇ ಹೃದಯದ ಚಿಕಿತ್ಸೆಗೆ ಆ ಬೇರೆ ಖಾತೆಯ ಮೂರನೇ ಒಂದು ಪಾಲು ಹೋಯಿತು.

ಸಮಯವಾಯಿತೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಊಟದ ನಂತರ ಅಸರ್ ವರೆಗೆ ನಾನು ಗ್ರಂಥಾಲಯದ ಕೋಣೆಯಲ್ಲಿ ಕುಳಿತಿರುತ್ತೇನೆ. ರಜೆಯಲ್ಲಿ ಊರಿಗೆ ಬಂದಿರುವವರು ಕರಾರುಪತ್ರದ ಪ್ರತಿ ಇದ್ದರೆ ತನ್ನಿ, ಇಲ್ಲದಿದ್ದರೆ ಮೂಲ ವೇತನ ಎಷ್ಟು, ಸೇರಿದ ದಿನಾಂಕ ಯಾವುದು ಎಂದು ಬರೆದುಕೊಂಡು ಬನ್ನಿ, ನಿಮ್ಮ ಗ್ರ್ಯಾಚುಯಿಟಿ ಲೆಕ್ಕ ಹಾಕಿ ಕೊಡುತ್ತೇನೆ. ಬೀಡಿ ಕಾರ್ಡ್ ಇರುವ ತಾಯಂದಿರು ಪಿ.ಎಫ್. ಸಂಖ್ಯೆ ತಂದರೆ ಅರ್ಜಿ ತುಂಬಿಸಲು ಇಬ್ಬರು ಬಿ.ಕಾಂ. ವಿದ್ಯಾರ್ಥಿನಿಯರು ನನ್ನ ಜೊತೆಗಿರುತ್ತಾರೆ. ಕನ್ನಡಕ ತರಲು ಮರೆಯಬೇಡಿ.